ಅರ್ಧಕ್ಕೆ ನಿಂತ ಪಿನ್ನು

ಕೂಳೂರು ಸೇತುವೆಗೆ ಸ್ವಲ್ಪ ಮೊದಲು, ಹೆದ್ದಾರಿಯ ಪಕ್ಕದಲ್ಲಿ ತಾರಾನಾಥ ಶೆಟ್ಟಿಯ ವರ್ಕ್‌ಶಾಪ್ ಇತ್ತು. ಒಂದು ಲೇತ್, ಒಂದು ಡ್ರಿಲ್, ಹಿಂದುಗಡೆ ಮಲಗಲು ಒಂದು ಕೋಣೆ. ಮನೆತನದ ಗದ್ದೆಗಳು ಒಕ್ಕಲುಗಳ ಪಾಲಾದ ಮೇಲೆ ತಂಗಿ ಶಶಿಪ್ರಭಾ ಬೊಂಬಾಯಿಯಲ್ಲಿ ಹೋಟೆಲು ನಡೆಸುವವನನ್ನು ಮದುವೆಯಾಗಿ ಹೋದಳು. ತಾರಾನಾಥ ಮದುವೆಯಾಗಲಿಲ್ಲ. ಎಂಜಿನ್ನುಗಳ ಜೊತೆಗೇ ಉಳಿದ.

ದೋಣಿಯ ಹಿಂದೆ ಸಿಕ್ಕಿಸುವ ಎಂಜಿನ್ನುಗಳು ಕರಾವಳಿಗೆ ಆಗಷ್ಟೇ ಬಂದಿದ್ದ ಕಾಲವದು. ಹೊರದೇಶದ ಎಂಜಿನ್ ಬಂತು, ಬಿಡಿಭಾಗ ಬರಲಿಲ್ಲ. ಪಿಸ್ಟನ್ ಸವೆದರೆ ಇಡೀ ಎಂಜಿನ್ ಮೂಲೆಗೆ. ತಾರಾನಾಥ ಯಾವುದೋ ಬೈಕಿನ ಪಿಸ್ಟನ್ ತಂದು, ತಲೆ ತರಿದು, ಬುಡ ಕತ್ತರಿಸಿ, ಅದನ್ನೇ ದೋಣಿಯ ಎಂಜಿನ್ನಿಗೆ ಹೊಂದಿಸುತ್ತಿದ್ದ. ಅದರಲ್ಲಿ ಎಲ್ಲರ ಕೈಗೆ ಹತ್ತದ ಕೆಲಸವೊಂದಿತ್ತು. ಟೂ-ಸ್ಟ್ರೋಕ್ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲೇ ಹೊಗೆ ಹೋಗಲು, ಗಾಳಿ ಬರಲು ಕಿಂಡಿಗಳಿರುತ್ತವೆ. ಪಿಸ್ಟನ್ನಿನ ರಿಂಗು ಒಂದು ಕಡೆ ಕಡಿದ ಬಳೆಯ ಹಾಗೆ. ಅದು ತಿರುಗಿ, ಕಡಿದ ತುದಿ ಕಿಂಡಿಯೆದುರು ಬಂದರೆ ಸಿಕ್ಕಿಕೊಂಡು ಮುರಿಯುತ್ತದೆ. ತಿರುಗದಂತೆ ತಡೆಯುವುದು ರಿಂಗು ಕೂರಲು ಪಿಸ್ಟನ್ನಿನ ಸುತ್ತ ಕೊರೆದ ಗೆರೆಯೊಳಗಿನ ಒಂದು ಪಿನ್ನು, ಭತ್ತದ ಕಾಳಿಗಿಂತ ಸಣ್ಣದು. ಬೈಕಿನ ಪಿಸ್ಟನ್ನಿನಲ್ಲಿ ಆ ಪಿನ್ನು ದೋಣಿಯ ಎಂಜಿನ್ನಿಗೆ ಬೇಕಾದಲ್ಲಿ ಇರುವುದಿಲ್ಲ. ಕಿಂಡಿಯಿಲ್ಲದ ಕಡೆ ನೋಡಿ ಹೊಸ ತೂತು ಕೊರೆದು ಹೊಸ ಪಿನ್ನು ಬಡಿಯಬೇಕು.

ಪಿನ್ನು ಇಳಿಯುವಷ್ಟು ಹೊತ್ತು ಸುತ್ತಿಗೆಗೆ ಒಂದು ಸದ್ದು, ತೂತಿನ ತಳ ಮುಟ್ಟಿದೊಡನೆ ಇನ್ನೊಂದು ಸದ್ದು. ತಾರಾನಾಥ ಬೇರೆ ಅಳತೆ ಹಿಡಿಯುತ್ತಿರಲಿಲ್ಲ. ಕಿವಿಯೇ ಅವನ ಅಳತೆ.

ಎಂಬತ್ತೆರಡನೆಯ ಇಸವಿಯ ಹೊತ್ತಿಗೆ ಆ ಕಿವಿ ಮಂದವಾಗತೊಡಗಿತು. ಮೊದಲು ಹೋದದ್ದು ಪಂಪ್ ಸ್ಟವ್ವಿನ ಸದ್ದು. ಉರಿ ಕಾಣುತ್ತದೆ, ಸದ್ದಿಲ್ಲ. ಆಮೇಲೆ ಜನರ ಮಾತು. ಚಹಾದ ಹೋಟೆಲಿನಲ್ಲಿ ಎಲ್ಲರೂ ನಕ್ಕಾಗ ಅವನೂ ನಗುತ್ತಿದ್ದ, ಸ್ವಲ್ಪ ತಡವಾಗಿ. ಒಂದು ದಿನ ಯಾರದೋ ಸಾವಿನ ಸುದ್ದಿಗೆ ನಕ್ಕುಬಿಟ್ಟ. ಅಂದಿನಿಂದ ಹೋಟೆಲಿಗೆ ಹೋಗುವುದನ್ನೇ ಬಿಟ್ಟು ತಾನೇ ಚಹಾ ಕಾಯಿಸಿಕೊಂಡ. ಶೆಟ್ರಿಗೆ ಈಗೀಗ ದೊಡ್ಡಸ್ತಿಕೆ ಎಂದರು ಜನ. ಅನ್ನಲಿ ಬಿಡು ಎಂದುಕೊಂಡ ತಾರಾನಾಥ. ಎಂಜಿನ್ ರಿಪೇರಿಯವನಿಗೆ ಕಿವಿ ಕೇಳುವುದಿಲ್ಲ ಎನ್ನುವುದಕ್ಕಿಂತ ಅದೇ ವಾಸಿ.

ಮರುವರ್ಷ ಮಳೆ ಇಳಿದು ಕಡಲು ಶಾಂತವಾದಾಗ ಹೊಳೆಯಾಚೆ ಬೆಂಗ್ರೆಯ ಮೀನುಗಾರ ಅಹ್ಮದ್ ಬಾವ ಎಂಜಿನ್ ಹೊತ್ತುಕೊಂಡು ಬಂದ. ಜೊತೆಗೆ ಅವನ ತಮ್ಮ ಅಬ್ದುಲ್ಲ, ಮೂವತ್ತರ ಆಸುಪಾಸಿನವನು.

"ಶೆಟ್ರೇ, ಇದಕ್ಕೊಂದು ಪಿಸ್ಟನ್ ಮಾಡಿ ಕೊಡಿ ಮಾರಾಯ್ರೆ! ಎಲ್ಲರೂ ಕಡಲಿಗೆ ಇಳಿದಾಯ್ತು. ನಾನೊಬ್ಬ ದಡದಲ್ಲಿ ಬಾಕಿ," ಎಂದು ಬಾವ ಗಟ್ಟಿಯಾಗಿ ಹೇಳಿದ. ಅವನ ಮಾತೇ ಹಾಗೆ, ಗಾಳಿಯ ಎದುರು ಕೂಗಿದಂತೆ. ಅದಕ್ಕೇ ತಾರಾನಾಥನಿಗೆ ಅವನೆಂದರೆ ಇಷ್ಟ.

ತೂತು ಕೊರೆದ. ಪಿನ್ನು ಬಡಿದ. ಇಳಿಯುತ್ತಿದ್ದ ಪಿನ್ನು ಒಂದು ಹಂತದಲ್ಲಿ ನಿಂತಿತು. ಸದ್ದು ಬದಲಾಯಿತೇ? ಬದಲಾದಂತೆ ಅನಿಸಿತು. ಇನ್ನೊಂದು ಪೆಟ್ಟು ಕೊಟ್ಟು, ತಲೆ ವಾಲಿಸಿ ಕೇಳಿದ. ಆಯಿತೆಂದುಕೊಂಡು ಮೇಲೆ ಉಳಿದದ್ದನ್ನು ಅರದಿಂದ ಉಜ್ಜಿ ಸರಿಮಾಡಿದ. ನೋಡಲು ಎಂದಿನಂತೆಯೇ ಇತ್ತು.

ಎರಡು ವಾರ ಕಳೆದು ಅಣ್ಣ ತಮ್ಮ ಎಂಜಿನ್ ಸಮೇತ ಮತ್ತೆ ಬಂದರು. ಬಾವನ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಹೊಳೆ ಕಡಲು ಸೇರುವ ಅಳಿವೆ ದಾಟಿ ದೂರ ಹೋದ ಮೇಲೆ ಎಂಜಿನ್ ಕಿರುಚಿ ನಿಂತಿತಂತೆ. ಹುಟ್ಟು ಹಾಕಿ ಹಾಕಿ ಕೈ ಸುಲಿಯಿತು, ನೀರು ದೋಣಿಯನ್ನು ಉತ್ತರಕ್ಕೇ ಎಳೆಯಿತು. ಮಾರನೆಯ ದಿನ ಟ್ರಾಲರಿನವರು ಕಂಡು ಕಟ್ಟಿ ಎಳೆದು ತಂದರು.

"ಇವನೇ ಪೆಟ್ರೋಲಿಗೆ ಎಣ್ಣೆ ಕಡಿಮೆ ಹಾಕಿ ಎಂಜಿನ್ ಕೆಡಿಸಿದ್ದು," ಎಂದು ಬಾವ ತಮ್ಮನತ್ತ ಕೈ ತೋರಿಸಿದ. "ಇಬ್ಬರನ್ನೂ ಕೊಲ್ಲುತ್ತಿದ್ದ. ಇನ್ನು ಇವನು ನನ್ನ ದೋಣಿ ಮುಟ್ಟುವುದು ಬೇಡ."

ಅಬ್ದುಲ್ಲ ತಲೆ ತಗ್ಗಿಸಿ ಏನೋ ಹೇಳಿದ. ತಾರಾನಾಥನಿಗೆ ಕೇಳಿಸಲಿಲ್ಲ. ತುಟಿ ನೋಡಿ ಊಹಿಸಿದ: ಸರಿಯಾಗಿಯೇ ಹಾಕಿದ್ದೆ.

ಅವರು ಹೋದ ಮೇಲೆ ಎಂಜಿನ್ ಬಿಚ್ಚಿದ. ರಿಂಗು ಮೂರು ತುಂಡಾಗಿತ್ತು, ಸಿಲಿಂಡರಿನಲ್ಲಿ ಉದ್ದಕ್ಕೆ ಗೀರು. ಪಿನ್ನು ಗೆರೆಯ ತಳದಿಂದಲೂ ಕೆಳಗೆ ಹುದುಗಿ ಹೋಗಿತ್ತು. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೊರೆದಾಗ ಉಳಿದ ಲೋಹದ ಚೂರಿಗೆ ತಾಗಿ ಪಿನ್ನು ಅರ್ಧಕ್ಕೇ ನಿಂತಿತ್ತು. ಅವನು ತೂತಿನ ತಳ ಮುಟ್ಟಿತೆಂದು ತಿಳಿದು ಮೇಲಿನದನ್ನು ಉಜ್ಜಿಬಿಟ್ಟ. ಎಂಜಿನ್ನಿನ ಅದುರಾಟಕ್ಕೆ ಗಿಡ್ಡವಾಗಿದ್ದ ಆ ಪಿನ್ನು ಪೂರಾ ಒಳಗೆ ಜಾರಿತು, ರಿಂಗು ತಿರುಗಿತು. ಎಣ್ಣೆ ಸರಿಯಾಗಿಯೇ ಇತ್ತು.

ಎರಡು ದಿನ ಲೇತ್ ತಿರುಗಲಿಲ್ಲ. ಆ ಪಿಸ್ಟನ್ ನೋಡಿ ವಿಷಯ ಹೇಳಬಲ್ಲವನು ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಗುಜರಿಗೆ ಎಸೆದರೆ ಮುಗಿಯಿತು. ಆದರೆ ಅಬ್ದುಲ್ಲನ ತಗ್ಗಿದ ತಲೆ ಕಣ್ಣ ಮುಂದಿನಿಂದ ಹೋಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಪಿಸ್ಟನ್ನನ್ನು ಕಾಗದದಲ್ಲಿ ಸುತ್ತಿಕೊಂಡು ಬಂದರಿಗೆ ಹೋಗಿ, ದೋಣಿ ಹತ್ತಿ ಬೆಂಗ್ರೆಗೆ ದಾಟಿದ. ಬಾವ ಅಂಗಳದಲ್ಲಿ ಬಲೆ ಬಿಡಿಸುತ್ತಿದ್ದ.

"ಅಬ್ದುಲ್ಲನನ್ನು ಕರೀರಿ ಬಾವಾಕ. ಅವನೆದುರೇ ಹೇಳಬೇಕು."

ಬಾವನ ಹೆಂಡತಿ ಅಲೀಮಮ್ಮ ನೆರೆಮನೆಯಿಂದ ಮೈದುನನನ್ನು ಕರೆತಂದಳು. ತಾರಾನಾಥ ಪಿನ್ನು ತೋರಿಸಿದ.

"ಅಬ್ದುಲ್ಲನ ತಪ್ಪಲ್ಲ. ನನ್ನದು. ತಳ ಮುಟ್ಟಿದ ಸದ್ದು ನನಗೆ ಕೇಳಿಸಲಿಲ್ಲ. ಒಂದು ವರ್ಷದಿಂದ ನನಗೆ ಕಿವಿ ಸರಿ ಇಲ್ಲ."

ಬಾವ ಪಿಸ್ಟನ್ನನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ಏನೋ ಹೇಳಿದ, ಮೊದಲ ಬಾರಿಗೆ ಮೆಲ್ಲಗೆ. ತಾರಾನಾಥ, "ಎಂತ?" ಎಂದು ಕೇಳಬೇಕಾಯಿತು.

"ಕಿವಿ ಹೋದದ್ದು ತಪ್ಪಲ್ಲ ಶೆಟ್ರೇ!" ಬಾವ ಕೂಗಿದ. "ಹೇಳದೆ ಕೂತದ್ದು ತಪ್ಪು. ನಾವು ಸತ್ತಿದ್ದರೆ?"

ತಾರಾನಾಥ ಅಲೀಮಮ್ಮ ತಂದ ಚಹಾ ಕುಡಿದ. ಬಾವ ತಮ್ಮನ ಕಡೆ ನೋಡದೆಯೇ ಬಲೆಯ ಒಂದು ಅಂಚನ್ನು ಅವನತ್ತ ಎಸೆದ. ಅಬ್ದುಲ್ಲ ಕುಳಿತು ಬಿಡಿಸತೊಡಗಿದ. ತನಗಿನ್ನು ಅಲ್ಲಿ ಕೆಲಸವಿಲ್ಲವೆಂದು ತಾರಾನಾಥ ಎದ್ದ.

ಬಾವ ಎಂಜಿನ್ನನ್ನು ವರ್ಕ್‌ಶಾಪಿನಿಂದ ತರಿಸಿ ರಿಪೇರಿಗೆ ಮಲ್ಪೆಗೆ ಕಳಿಸಿದ, ಮತ್ತೆ ಕೂಳೂರಿನತ್ತ ಬರಲಿಲ್ಲ. ಸುದ್ದಿ ಹರಡಿತು, ಬೇರೆ ದೋಣಿಯವರೂ ಬರುವುದನ್ನು ನಿಲ್ಲಿಸಿದರು. ತಾರಾನಾಥ ಯಾರನ್ನೂ ದೂರಲಿಲ್ಲ. ಪಿನ್ನಿನ ಕೆಲಸ ಬಿಟ್ಟು, ನಂತೂರಿನ ಲಾರಿ ಗ್ಯಾರೇಜುಗಳಿಗೆ ಲೇತಿನಲ್ಲಿ ಬುಷ್ ಎಂಬ ಲೋಹದ ಬಳೆಗಳನ್ನು ತಿರುವಿ ಕೊಡತೊಡಗಿದ. ಅದಕ್ಕೆ ಕಣ್ಣು ಸಾಕು. ತಂಗಿಗೆ ಕಿವಿಯ ಸಂಗತಿ ಬರೆದ. ಇಲ್ಲಿಗೇ ಬಾ ಅಣ್ಣ ಎಂದು ಉತ್ತರ ಬಂತು. ಅವನು ಹೋಗಲಿಲ್ಲ. ಕೇಳದ ಕಿವಿ ಹೊತ್ತುಕೊಂಡು ಬೊಂಬಾಯಿಯಲ್ಲಿ ಎಂತ ಮಾಡುವುದು?

ಮುಂದಿನ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಕೂಳೂರಿನ ಬಸ್ ನಿಲ್ದಾಣದಲ್ಲಿ ಅಬ್ದುಲ್ಲ ಸಿಕ್ಕಿದ. ದೂರದೂರಿಗೆ ಹೊರಟವನ ಹಾಗೆ ಹೊಸ ಅಂಗಿ, ಕೈಯಲ್ಲಿ ಪೆಟ್ಟಿಗೆ. ತಾರಾನಾಥನನ್ನು ಕಂಡು ಓಡಿ ಬಂದು ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದ.

"ಎಂತ ಹೇಳಿದ್ದು?"

ಅಬ್ದುಲ್ಲ ಮತ್ತೆ ಹೇಳಿದ. ಲಾರಿಗಳು ಹಾದು ಹೋಗುತ್ತಿದ್ದವು. ತುಟಿ ನೋಡಿದರೂ ಅರ್ಥವಾಗಲಿಲ್ಲ. ಮೂರನೆಯ ಸಲವೂ ಹೇಳಿದ, ಕಣ್ಣು ಒದ್ದೆಯಾಗಿತ್ತು. ಅಷ್ಟರಲ್ಲಿ ಬಸ್ ಬಂತು. ಅಬ್ದುಲ್ಲ ನಕ್ಕು, ಏನಿಲ್ಲ ಬಿಡಿ ಎಂಬಂತೆ ಕೈ ಆಡಿಸಿ ಹತ್ತಿಕೊಂಡ.

ತಾರಾನಾಥನೂ ಕೈ ಎತ್ತಿದ. ಬಸ್ಸು ಸೇತುವೆ ದಾಟುವವರೆಗೆ ನಿಂತಿದ್ದು, ಆಮೇಲೆ ಬಿಸಿಲಿನಲ್ಲಿ ವರ್ಕ್‌ಶಾಪಿನತ್ತ ನಡೆದ.