ನಾ ಹರಕತ

ನಮ್ಮವ್ವನ ಮೇಲೆ ನಾನು ಎಂಟು ದಿನ ಸಿಟ್ಟು ಮಾಡಿಕೊಂಡಿದ್ದೆ. ಆ ಎಂಟು ದಿನದಲ್ಲಿ ಒಂದೇ ಒಂದು ಮಾತು ಕೇಳಿದ್ದರೆ ಅಪ್ಪ ಕಟ್ಟಿದ ಖೋಲಿ ಇವತ್ತೂ ನಿಂತಿರುತ್ತಿತ್ತು. ಕೇಳಲಿಲ್ಲ. ಇದನ್ನು ಓದಿ ಯಾರಾದರೂ ನನ್ನನ್ನು ಬೈಯುವುದಿದ್ದರೆ ಬೈಯಲಿ, ನಾನಂತೂ ದಿನಾ ಬೈದುಕೊಳ್ಳುತ್ತೇನೆ.

ನನ್ನ ಹೆಸರು ಸ್ವಪ್ನಾಲಿ. ಜತ್ತ ತಾಲೂಕಿನಲ್ಲಿ, ಬಿಳೂರ ದಾಟಿ ಒಳಗೆ ಹೋದರೆ ಸಿಗುವ ಒಂದು ಊರಿನ ಗ್ರಾಮಪಂಚಾಯತಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೇನೆ. ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ ನಮ್ಮದು ಕನ್ನಡ. ಕಚೇರಿಯ ಕಾಗದವೆಲ್ಲ ಮರಾಠಿ. ವಯಸ್ಸು ಮೂವತ್ತೆರಡು, ಮದುವೆಯಾಗಿಲ್ಲ. ಯಾಕೆ ಆಗಿಲ್ಲ ಎಂದು ಕೇಳಿದವರಿಗೆ, ಯಾಕೆ ಆಗಬೇಕು ಎಂದು ತಿರುಗಿ ಕೇಳುತ್ತೇನೆ. ಈ ಚಟ ಅಪ್ಪನಿಂದ ಬಂದದ್ದು.

ಅಪ್ಪ ದಶರಥ, ಗೌಂಡಿ ಕೆಲಸದವನು. ಊರಮಂದಿಗೆಲ್ಲ ಮನೆ ಕಟ್ಟಿಕೊಟ್ಟು, ಕಡೆಗೆ ನಮ್ಮ ಓಣಿಯ ಬಾಯಿಗೆ ಸ್ವಂತ ಜಾಗದಲ್ಲಿ ಒಂದು ಖೋಲಿ ಕಟ್ಟಿ, ಅದಕ್ಕೆ ವಾಚನಾಲಯ ಎಂದು ಹೆಸರಿಟ್ಟ. ಮೇಲೆ ತಗಡು, ಒಳಗೆ ಒಂದು ಕಪಾಟು, ಎರಡು ಪೇಪರು. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ತಾನೇ ಒಂದು ಶಬ್ದ ಬರೆದಿದ್ದ: "ಯಾಕ?" ಓಣಿಯ ಬುದ್ಧವಿಹಾರಕ್ಕೆ ಬಂದ ಹಿರಿಯರೊಬ್ಬರು, "ಏನೋ ದಶರಥ, ಒಂದ ಚಲೋ ಮಾತ ಬರೀಬೇಕಿಲ್ಲೋ?" ಎಂದರೆ, "ಇದಕ್ಕಿಂತ ಚಲೋ ಮಾತ ನನಗ ಸಿಕ್ಕಿಲ್ರಿ" ಎಂದಿದ್ದ. ಯಾರು ಹೇಳಿದರೂ, ಅಪ್ಪನೇ ಹೇಳಿದರೂ, ಯಾಕೆಂದು ಕೇಳದೆ ಒಪ್ಪಬಾರದು ಎನ್ನುವುದು ಅವನ ಹಟ. ಅವನು ಹೋಗಿ ಹನ್ನೊಂದು ವರ್ಷವಾಯಿತು.

ಅವ್ವ ಸೀತವ್ವ ಮಾತ್ರ ಈ ಪಾಠವನ್ನು ಮೈಗೆ ಹಚ್ಚಿಕೊಂಡವಳಲ್ಲ. ಮೂವತ್ತು ವರ್ಷ ಗುರುಲಿಂಗಪ್ಪನವರ ದಾಳಿಂಬೆ ತೋಟದಲ್ಲಿ ಕೂಲಿ ಮಾಡಿದವಳು. ಯಾರು ಏನೇ ಹೇಳಲಿ, "ಹೂನ್ರಿ ಯಪ್ಪಾ". ಕಂಡಕ್ಟರ್ ಬೈದರೂ ಹೂನ್ರಿ, ರೇಷನ್ ಅಂಗಡಿಯವನು ನಾಳೆ ಬಾ ಎಂದರೂ ಹೂನ್ರಿ. "ನಿಮ್ಮವ್ವನ ತಲಿ ಒಂದಽ ಕಡೆ ಆಡ್ತೈತಿ ನೋಡು, ಮ್ಯಾಲ ಕೆಳಗ" ಎಂದು ಅಪ್ಪ ಚಾಷ್ಟಿ ಮಾಡುತ್ತಿದ್ದ. ಅವಳು ಅದಕ್ಕೂ ತಲೆಯಾಡಿಸಿ ನಗುತ್ತಿದ್ದಳು.

ಲಾಕ್‌ಡೌನ್ ಹೊತ್ತಿನಲ್ಲಿ ಮಾಡಲು ಕೆಲಸವಿಲ್ಲದೆ ಕೂತಾಗ ಅದೇ ಖೋಲಿಯಲ್ಲಿ ನಾನು ಅವಳಿಗೆ ಕನ್ನಡ ಅಕ್ಷರ ಕಲಿಸಿದೆ. ಗೋಡೆಯ ಮೇಲಿನ "ಯಾಕ" ಅವಳು ಓದಿದ ಮೊದಲ ಶಬ್ದ. ಐವತ್ತೆಂಟರ ವಯಸ್ಸಿನಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಲು ಕಲಿತಳು. ಜತ್ತದ ಬ್ಯಾಂಕಿನಲ್ಲಿ ಮೊದಲ ಸಲ ಸಹಿ ಮಾಡಿದ ದಿನ, ಆ ಪೆನ್ನನ್ನು ಕೇಳಿ ಇಸಿದುಕೊಂಡು ಮನೆಗೆ ತಂದಿದ್ದಳು. ಮರಾಠಿ ಮಾತಾಡಲು ಅವಳಿಗೆ ಬರುತ್ತದೆ, ಓದಲು ಬರುವುದಿಲ್ಲ.

ಹೋದ ವರ್ಷ ಪಂಚಾಯತಿಯವರಿಗೆ ಆ ಜಾಗದ ಮೇಲೆ ಕಣ್ಣು ಬಿತ್ತು. ಖೋಲಿ ಕೆಡವಿ ಐದು ಅಂಗಡಿ ಕಟ್ಟುವುದೆಂದು ಠರಾವಾಯಿತು. ಜಾಗದ ಉತಾರದಲ್ಲಿ, ಅಂದರೆ ಹಕ್ಕಿನ ಕಾಗದದಲ್ಲಿ, ಹೆಸರು ಅವ್ವನದು, ಅಪ್ಪನೇ ಹಾಗೆ ಮಾಡಿಸಿದ್ದ. ಅವಳು ನಾ-ಹರಕತ ಬರೆದುಕೊಟ್ಟರೆ ಖೋಲಿ ಹೋಗುತ್ತದೆ, ಕೊಡದಿದ್ದರೆ ಉಳಿಯುತ್ತದೆ. ನಾ-ಹರಕತ ಎಂದರೆ ಕಚೇರಿಯ ಮರಾಠಿಯಲ್ಲಿ 'ನಮ್ಮ ತಕರಾರಿಲ್ಲ' ಎಂದರ್ಥ. ಕೊಟ್ಟ ಮೇಲೆ ಮನಸ್ಸು ಬದಲಾದರೆ ಎಂಟು ದಿನದೊಳಗೆ ಕಾಗದ ವಾಪಸ್ ತೆಗೆದುಕೊಳ್ಳಬಹುದು, ಆಮೇಲೆ ಇಲ್ಲ.

ಸರಪಂಚರು ಬೇರೆ ಯಾರೂ ಅಲ್ಲ, ಅವ್ವ ದುಡಿದ ತೋಟದ ಗುರುಲಿಂಗಪ್ಪನವರೇ. ಒಂದು ಸಂಜೆ ನಮ್ಮ ಮನೆಗೆ ಬಂದು, ಹೊರಸಿನ ಮೇಲೆ ಕೂತು ಚಹಾ ಕುಡಿದರು. ಅವರು ಎಂದೂ ದನಿ ಏರಿಸಿದವರಲ್ಲ, ಅದೇ ಅವರ ಜೋರು.

"ಸೀತವ್ವಾ, ನೀ ನಮ್ಮ ಮನಿ ಮಂದಿ ಇದ್ದಂಗ. ಊರ ಉದ್ಧಾರ ನಿನ್ನ ಕೈಯಾಗ ಐತಿ ನೋಡು."

"ಹೂನ್ರಿ ಯಪ್ಪಾ" ಎಂದಳು ಅವ್ವ.

ಅವರು ಹೊರಗೆ ಹೋದದ್ದೇ ತಡ, ಏನು ಮಾಡುತ್ತೀ ಎಂದು ಕೇಳಿದೆ.

"ನೀ ಹೇಳಽ ಸಪನಿ. ನೀ ಹೇಳಿದಂಗ ಮಾಡ್ತೀನಿ." ನನ್ನ ಹೆಸರು ಅವಳ ಬಾಯಲ್ಲಿ ಎಂದೂ ಪೂರ್ತಿ ಬಂದಿಲ್ಲ.

"ಅದಽ ಬ್ಯಾಡ ಅನ್ನೂದು ನಾ. ಅವರು ಹೇಳಿದ್ರು ಅಂತ ಮಾಡಬ್ಯಾಡ, ನಾ ಹೇಳಿದೆ ಅಂತನೂ ಮಾಡಬ್ಯಾಡ. ನಿನಗೊಂದ ತಲಿ ಐತಿಲ್ಲೋ? ನೀನಽ ವಿಚಾರ ಮಾಡು, ನೀನಽ ಹೋಗಿ ಬರದ ಕೊಡು."

ಹೇಳಿ ನನಗೆ ನನ್ನ ಮೇಲೆಯೇ ಭಾರೀ ಅಭಿಮಾನ ಬಂತು. ಅಪ್ಪ ಇದ್ದಿದ್ದರೆ ಬೆನ್ನು ಚಪ್ಪರಿಸುತ್ತಿದ್ದ ಎಂದುಕೊಂಡೆ. ಖೋಲಿ ಉಳಿಯಬೇಕೆಂಬ ಆಸೆ ನನ್ನ ಗಂಟಲವರೆಗೆ ಬಂದಿತ್ತು, ಆದರೂ ನುಂಗಿಕೊಂಡೆ. ಅವ್ವನಿಗೆ ಸ್ವಾತಂತ್ರ್ಯ ಕೊಟ್ಟೆನಲ್ಲ, ಎಂಥ ದೊಡ್ಡ ಮನುಷ್ಯಳು ನಾನು!

ಮೂರನೆಯ ದಿನ ಜತ್ತಕ್ಕೆ ಮೀಟಿಂಗಿಗೆ ಹೋಗಿ ಮಧ್ಯಾಹ್ನ ಕಚೇರಿಗೆ ಬಂದರೆ, ಗ್ರಾಮಸೇವಕರು ಒಂದು ಕಾಗದ ನನ್ನ ಮೇಜಿನ ಮೇಲಿಟ್ಟರು. "ನಿಮ್ಮವ್ವಾ ಭಾಳ ಶಾಣ್ಯಾ ಅದಾರ ಬಿಡ್ರಿ ಮೇಡಂ. ಒಂದಽ ಮಾತಿಗೆ ಬರದ ಕೊಟ್ರು. ಸ್ಕ್ಯಾನ್ ಮಾಡ್ರಿ."

ಬಿಳಿ ಹಾಳೆಯ ಮೇಲೆ ದೊಡ್ಡ ದೊಡ್ಡ ಕನ್ನಡ ಅಕ್ಷರ. "ನಾ ಹರಕತ." ಕೆಳಗೆ "ಸೀತವ್ವ ದಶರಥ" ಎಂದು ಸಹಿ. "ನಾ" ಮತ್ತು "ಹರಕತ" ನಡುವೆ ಒಂದು ಬೆರಳು ಜಾಗ ಬಿಟ್ಟಿದ್ದಳು. ಹೊಸದಾಗಿ ಕಲಿತವರು ಹಾಗೆಯೇ ಬರೆಯುತ್ತಾರೆ ಎಂದುಕೊಂಡು ನಾನು ಸ್ಕ್ಯಾನ್ ಮಾಡಿದೆ. ಮೂವತ್ತು ವರ್ಷ ಹೂನ್ರಿ ಎಂದ ಬಾಯಿ, ಗಂಡ ಬೆವರು ಸುರಿಸಿ ಕಟ್ಟಿದ ಗೋಡೆಗೂ ಹೂನ್ರಿ ಎಂದುಬಿಟ್ಟಿತಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಮನೆಗೆ ಹೋದರೆ ಅವ್ವ ಶೇಂಗಾ ಹೋಳಿಗೆ ಮಾಡಿದ್ದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ನನ್ನ ಮೈಗೆ ಬೆಂಕಿ ಹತ್ತಿತು.

"ಕಾಗದಾ ನೋಡಿದಿ?" ಎಂದಳು, ತುಪ್ಪ ಹಾಕುತ್ತ.

"ನೋಡಿದೆ."

"ಅಕ್ಷರಾ ಹೆಂಗ ಅದಾವ?"

"ಭಾಳ ಚಲೋ ಅದಾವ. ಅಪ್ಪ ಇದ್ದಿದ್ರ ಕುಣದಾಡ್ತಿದ್ದ."

ಚುಚ್ಚಲೆಂದೇ ಹೇಳಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಹೌದಽ? ಖರೇನಽ ಹೇಳ್ತಿ?" ಎಂದಳು. ನಾನು ತಟ್ಟೆ ಸರಿಸಿ ಎದ್ದೆ. ಆ ಕಣ್ಣೀರು ತನ್ನ ತಪ್ಪು ಅರಿವಾಗಿ ಬಂದದ್ದು ಎಂದುಕೊಂಡೆನೇ ಹೊರತು, ಸಂತೋಷದ್ದಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಅಂದಿನಿಂದ ಅವ್ವನ ಜೊತೆ ಮಾತು ಬಿಟ್ಟೆ. ಅವಳು ಹತ್ತಿರ ಬಂದು ಕೂತರೆ ಮೊಬೈಲ್ ಹಿಡಿಯುತ್ತಿದ್ದೆ. "ಮೈಯಾಗ ಆರಾಮ ಇಲ್ಲೇನಽ?" ಎಂದು ಹಣೆ ಮುಟ್ಟಿದರೆ ಮುಖ ತಿರುಗಿಸುತ್ತಿದ್ದೆ. ಅವಳು ಮಾತ್ರ ಬೆಳಿಗ್ಗೆ ಎದ್ದು ವಾಚನಾಲಯದ ಕಸ ಹೊಡೆದು, ಕಪಾಟು ಒರೆಸಿ, ಬಾಗಿಲ ಮುಂದೆ ನೀರು ಚಿಮುಕಿಸಿ ಬರುತ್ತಿದ್ದಳು. ಕೆಡವಲು ಕೊಟ್ಟ ಖೋಲಿಯನ್ನು ಯಾರಾದರೂ ಗುಡಿಸುತ್ತಾರೆಯೇ? ಅಷ್ಟೂ ನನ್ನ ಬುದ್ಧಿಗೆ ಹತ್ತಲಿಲ್ಲ. ಹೀಗೆ ಎಂಟು ದಿನ ಮುಗಿದವು.

ಒಂಬತ್ತನೆಯ ದಿನ ಬೆಳಿಗ್ಗೆ ಜೆಸಿಬಿ ಬಂತು. ನಾನು ಕಚೇರಿಗೆ ಹೊರಟವಳು ಗದ್ದಲ ಕೇಳಿ ಓಡಿಹೋದೆ. ನಮ್ಮವ್ವ ಖೋಲಿಯ ಬಾಗಿಲಿಗೆ ಬೆನ್ನು ಹಚ್ಚಿ ಎರಡೂ ಕೈ ಅಗಲಿಸಿ ನಿಂತಿದ್ದಳು. ತಲೆಯ ಮೇಲಿನ ಸೆರಗು ಜಾರಿತ್ತು. ಅವಳ ದನಿ ಅಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ.

"ಹೆಂಗ ಕೆಡವ್ತೀರಿ ನೋಡ್ತೀನಿ! ನಾ ಹರಕತ ಬರದ ಕೊಟ್ಟೀನಿ! ನನ್ನ ಕೈಯ್ಯಾರ ಬರದೀನಿ!"

ಕೂಡಿದ ಮಂದಿ ಗೊಳ್ಳೆಂದು ನಕ್ಕರು. ಗುರುಲಿಂಗಪ್ಪನವರು ಮುಂದೆ ಬಂದು ಮೆತ್ತಗೆ ಹೇಳಿದರು, "ಅದಕ್ಕಽ ಕೆಡವಾಕತ್ತೀವಿ ಸೀತವ್ವಾ. ನಿಂದು ಹರಕತ್ ಇಲ್ಲಂತ ನೀನಽ ಬರದ ಕೊಟ್ಟೀದಿ."

"ಇಲ್ಲಂತ ಅಲ್ರಿ! ನಾ ಹರಕತ ಅಂತ. ನಾ! ನಾ ಸೀತವ್ವ!" ಎಂದು ಎದೆ ಬಡಿದುಕೊಂಡಳು. "ನಂದು ಹರಕತ್ ಐತಿ ಅಂತ ಬರದೀನ್ರಿ ಯಪ್ಪಾ!"

ಆ ಹಾಳೆ ಕಣ್ಣ ಮುಂದೆ ಬಂತು. ನಾ. ಒಂದು ಬೆರಳು ಜಾಗ. ಹರಕತ. ಹುಟ್ಟಿದಾಗಿನಿಂದ ಕನ್ನಡದಲ್ಲಿ ಮಾತಾಡುವ ನಮ್ಮವ್ವನಿಗೆ ನಾ ಎಂದರೆ ಅವಳೇ. ಸಂತೆಯಲ್ಲಿ ಮರಾಠಿ ಮಂದಿ "ಹರಕತ ನಾಹಿ" ಎನ್ನುವುದನ್ನು ಸಾವಿರ ಸಲ ಕೇಳಿದ್ದಾಳೆ, ಹರಕತ್ ಎಂದರೆ ತಕರಾರು ಎಂದು ಅವಳಿಗೆ ಗೊತ್ತು. ಇಲ್ಲ ಎನ್ನುವ ನಾಹಿ ಯಾವಾಗಲೂ ಹಿಂದೆ ಬರುವುದನ್ನು ಕೇಳಿದವಳಿಗೆ, ಮುಂದೆ ಬಂದ ನಾ ಕೂಡ ಇಲ್ಲ ಎಂದೇ ಹೇಳುತ್ತದೆ ಎಂದು ಯಾರು ಹೇಳಬೇಕಿತ್ತು? ನಾನು ಹೇಳಬೇಕಿತ್ತು. ಆ ಕಾಗದ ನನ್ನ ಕೈಯಿಂದಲೇ ಹಾದುಹೋಗಿತ್ತು.

ಗ್ರಾಮಸೇವಕರ ಕೈ ಹಿಡಿದು ಕೇಳಿಕೊಂಡೆ. ಅವರು ಕೆಟ್ಟ ಮನುಷ್ಯರಲ್ಲ, ಅವರ ಮುಖವೂ ಸಣ್ಣದಾಯಿತು. "ಎಂಟ ದಿನದಾಗ ಬಂದಿದ್ರ ಆ ಕಾಗದಾ ಹಿಂದಕ್ಕ ಕೊಡ್ತಿದ್ನಿ ಮೇಡಂ. ಈಗ ಮ್ಯಾಲ ಹೋಗೇತಿ. ಕಾಗದಾ ನಿಮ್ಮ ಮೇಜಿನ ಮ್ಯಾಲ ಇಟ್ಟಿದ್ನಿ, ನೀವಽ ಸ್ಕ್ಯಾನ್ ಮಾಡಿದ್ರಿ. ಒಂದ ಮಾತ ಕೇಳಬಾರದಾ ಅವರನ್ನ?"

ಓಣಿಯ ಹೆಂಗಸರು ಅವ್ವನನ್ನು ಬಾಗಿಲಿನಿಂದ ಬಿಡಿಸಿ ಪಕ್ಕಕ್ಕೆ ಕರೆತಂದರು. ಜೆಸಿಬಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. "ಯಾಕ?" ಬರೆದಿದ್ದ ಗೋಡೆ ಕೊನೆಗೆ ಬಿತ್ತು. ನೀಲಿ ಬಣ್ಣ ಹತ್ತಿದ ಒಂದು ಇಟ್ಟಂಗಿ ಚೂರನ್ನು ಅವ್ವ ಉಡಿಯಲ್ಲಿ ಹಾಕಿಕೊಂಡು ಮನೆಗೆ ನಡೆದಳು.

ಸಂಜೆ ಅವಳೇ ಬಾಯಿ ಬಿಟ್ಟಳು. ಕಚೇರಿಗೆ ಹೋದಾಗ ಗ್ರಾಮಸೇವಕ ಸಾಹೇಬರು "ನಾ-ಹರಕತ ಬರದ ಕೊಡ್ರಿ" ಎಂದರಂತೆ. ನಾ ಹರಕತ ಅಂತ ಬರೆದರೆ ಸಾಕೇ ಎಂದು ಇವಳು ಕೇಳಿದಳಂತೆ. ಅಷ್ಟೇ ಸಾಕು, ಕನ್ನಡದಲ್ಲಿ ಬರೆದರೂ ನಡೆಯುತ್ತದೆ ಎಂದರಂತೆ.

"ಸರಕಾರದವರು ಎಷ್ಟ ಚಲೋ ಮಂದಿ ಅದಾರ ಅನಿಸಿತ್ತು ನನಗ. ತಕರಾರ ಇದ್ರ ಹೇಳು ಅಂತ ಕುಂದ್ರಿಸಿ, ಪೆನ್ನ ಕೊಟ್ಟು ಕೇಳ್ಯಾರಲ್ಲ ಅಂತ. ಗುರುಲಿಂಗಪ್ಪ ಧಣ್ಯಾರ ಎದುರಿಗೇ ಕುಂತಿದ್ರು. ಆದ್ರೂ ಬರದೆ. ಹುಟ್ಟಿ ಇಷ್ಟ ವರ್ಷಕ್ಕ ಒಮ್ಮೆ ಒಲ್ಲೆ ಅಂದೆ ಅಂತ ಖುಷಿಯಾಗಿ ಹೋಳಿಗಿ ಮಾಡಿದ್ನೆವ್ವಾ."

ನಾನು ಅವಳ ಕಾಲ ಹತ್ತಿರ ಕೂತು ಅಳತೊಡಗಿದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಬೈಯಲಿಲ್ಲ. ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

"ನನ್ನ ಮ್ಯಾಲ ಸಿಟ್ಟ ಇತ್ತಲ್ಲ ನಿನಗ. ಯಾಕ ಬರದಿ ಅಂತ ಯಾಕ ಕೇಳಲಿಲ್ಲ ನನ್ನ?"

ಸರಪಂಚರನ್ನು ಯಾಕೆಂದು ಕೇಳಿದವಳು ನಾನು, ತಹಶೀಲದಾರರನ್ನು ಕೇಳಿದವಳು, ಗ್ರಾಮಸಭೆಯಲ್ಲಿ ಎದ್ದು ನಿಂತು ಎಲ್ಲರನ್ನೂ ಕೇಳಿದವಳು. ಅವ್ವನನ್ನು ಕೇಳಬೇಕು ಎಂದು ಅನಿಸಿರಲೇ ಇಲ್ಲ. ಅವಳ ಹತ್ತಿರ ಒಂದು ಕಾರಣ ಇರಬಹುದು ಎಂದೇ ನಾನು ಎಣಿಸಿರಲಿಲ್ಲ. ಇದನ್ನು ಅವಳಿಗೆ ಹೇಗೆ ಹೇಳಲಿ?

ತಿಂಗಳಾದ ಮೇಲೆ ಅವಳ ವಿಧವಾ ವೇತನಕ್ಕೆಂದು ಜತ್ತದ ಬ್ಯಾಂಕಿಗೆ ಹೋದೆವು. ಕೌಂಟರಿನ ಹುಡುಗಿ ಪೆನ್ನು ಮುಂದೆ ಮಾಡಿದಳು. ಅವ್ವ ಅದನ್ನು ಮುಟ್ಟದೆ ಹೆಬ್ಬೆಟ್ಟು ಚಾಚಿದಳು.

"ಅಜ್ಜಿ, ಸಹಿ ಮಾಡ್ತಿದ್ರಿ ಅಲ್ಲಾ?"

"ಇಲ್ಲವ್ವಾ. ನನಗ ಬರಂಗಿಲ್ಲ."

"ಬರ್ತೈತ್ರಿ ಅಕಿಗೆ" ಎಂದೆ ನಾನು. "ಅವ್ವಾ, ಬರಿ. ನಾ ಹೇಳ್ತೀನಿ, ಬರಿ."

ಅವ್ವ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ.

"ನೀ ಹೇಳಿದಿ ಅಂತ ಮಾಡಬ್ಯಾಡ ಅಂತ ನೀನಽ ಹೇಳಿದ್ದಿ ಅಲ್ಲ ಸಪನಿ. ನಾನಽ ವಿಚಾರ ಮಾಡೀನಿ."

ಹುಡುಗಿ ಶಾಯಿಯ ಡಬ್ಬಿ ಹುಡುಕಿ ತಂದಳು. ಅವ್ವ ಹೆಬ್ಬೆಟ್ಟನ್ನು ಅದ್ದಿ, ಕಾಗದದ ಮೇಲೆ ಒತ್ತಿ, ಬೆರಳನ್ನು ನನ್ನ ಕಡೆ ಹಿಡಿದಳು. ನಾನು ಓಢಣಿಯ ತುದಿಯಿಂದ ಒರೆಸಿದೆ.