ಓರೆಯಾಗಿ ಎಳೆದ ವೈರು

ಹನುಮಂತಯ್ಯ ಮಗಳ ಮನೆಗೆ ಕಾಲಿಟ್ಟವನೇ ಮೊದಲು ನೋಡಿದ್ದು ಗೋಡೆಗಳನ್ನು. ಎಲೆಕ್ಟ್ರಿಶಿಯನ್ನರ ಕಣ್ಣೇ ಹಾಗೆ, ನೆಂಟರ ಮುಖಕ್ಕಿಂತ ಮೊದಲು ಸ್ವಿಚ್‌ಬೋರ್ಡು ಕಾಣುತ್ತದೆ. ಮಗಳು ಧನಲಕ್ಷ್ಮಿ ಹೂಡಿ ಬಡಾವಣೆಯ ಆ ಬಾಡಿಗೆ ಮನೆಗೆ ಬಂದು ಎಂಟು ತಿಂಗಳಾಗಿದ್ದರೂ ಗೋಡೆಯ ಮೇಲೆ ಒಂದು ಕ್ಯಾಲೆಂಡರೂ ಇರಲಿಲ್ಲ. ತೀರಿಹೋದ ತಾಯಿ ರಾಮಮ್ಮನ ಫೋಟೋ ಕೂಡ ಅಕ್ಕಿ ಡಬ್ಬದ ಮೇಲೆ ಒರಗಿ ಕೂತಿತ್ತು.

"ಅಪ್ಪ, ಟಿ.ವಿ. ಇಲ್ಲಿ ಬರುತ್ತೆ. ಸಾಯಂಕಾಲ ಇವ್ರು ತರ್ತಾರೆ," ಎಂದು ಮಗಳು ಗೋಡೆಯ ನಡುವೆ ಬೆರಳಿಟ್ಟಳು. "ಬೋರ್ಡ್ ಆ ಮೂಲೇಲಿದೆ. ಓರೆಯಾಗಿ ಕೊರೆದು ವೈರ್ ಎಳೆದ್ಬಿಡು, ಹತ್ರ ಆಗುತ್ತೆ."

ಹನುಮಂತಯ್ಯನ ಕೈಯ ಉಳಿ ಅಲ್ಲೇ ನಿಂತಿತು.

"ಓರೆ ಬೇಡ ಕಣಮ್ಮ. ಬೋರ್ಡಿಂದ ನೆಟ್ಟಗೆ ಮೇಲಕ್ಕೆ, ಅಲ್ಲಿಂದ ನೆಟ್ಟಗೆ ಪಕ್ಕಕ್ಕೆ. ಅದೂ ಪೈಪಿನೊಳಗೆ. ನಾಳೆ ಮೊಳೆ ಹೊಡೆಯೋರಿಗೆ ವೈರ್ ಎಲ್ಲಿದೆ ಅಂತ ಗೊತ್ತಾಗ್ಬೇಕು. ರೂಲ್ ಇರೋದೇ ಅದಕ್ಕೆ."

"ಈ ಮನೇಲಿ ಮೊಳೆ ಹೊಡೆಯೋರು ಯಾರೂ ಇಲ್ಲ ಬಿಡು," ಎಂದು ಅವಳು ಒಳಗೆ ಹೋದಳು.

ಆರು ವರ್ಷದ ಹಿಂದೆ ಅವರು ರಾಜಗೋಪಾಲನಗರದಲ್ಲಿದ್ದರು. ಗೌರಿ ಹಬ್ಬದ ಹಿಂದಿನ ದಿನ ಧನಲಕ್ಷ್ಮಿ ತನ್ನ ಡಿಪ್ಲೊಮಾ ಫೋಟೋಗೆ ಫ್ರೇಮ್ ಹಾಕಿಸಿ ತಂದು, ಟಿ.ವಿ. ಪಕ್ಕ ತೂಗುಹಾಕಮ್ಮ ಎಂದಿದ್ದಳು. ರಾಮಮ್ಮ ಆಗಷ್ಟೇ ತೊಳೆದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೊಳೆ ಹೊಡೆದಳು. ಮೊಳೆ ಗೋಡೆಯೊಳಗಿನ ವೈರಿಗೆ ತಗುಲಿತು. ಬೀದಿಯವರು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆ ಕಟ್ಟಿದವರು ಯಾವಾಗಲೋ ಬಿಟ್ಟ ಹಳೇ ವೈರು ಅಂತ ಹನುಮಂತಯ್ಯ ಹೇಳಿದ. ಎಲೆಕ್ಟ್ರಿಶಿಯನ್ನೇ ಹೇಳಿದ ಮೇಲೆ ಇನ್ನು ಕೇಳುವವರು ಯಾರು? ಮಗಳು ಕೇಳಿಕೊಂಡದ್ದು ತನ್ನನ್ನೇ, ಆ ಫೋಟೋ ಯಾಕಾದರೂ ತಂದೆನೋ ಅಂತ.

ವೈರು ಅವನದೇ. ಪೀಣ್ಯದ ಫ್ಯಾಕ್ಟರಿಗಳಲ್ಲಿ ಒಂದಿಂಚು ಓರೆಯಾದರೂ ಕಿತ್ತು ಮತ್ತೆ ಮಾಡಿಸುತ್ತಿದ್ದ ಮನುಷ್ಯ, ನಮ್ಮನೆ ತಾನೇ, ಯಾರು ನೋಡ್ತಾರೆ ಎಂದು ಒಂದು ಭಾನುವಾರ ಪೈಪೂ ಇಲ್ಲದೆ ಓರೆಯಾಗಿ ಎಳೆದು ಗಾರೆ ಮೆತ್ತಿದ್ದ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಇಲ್ಲಿ ಬಿದ್ದವಳು ಪಾಪ, ಅವನ ಹೆಂಡತಿ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಟೆಸ್ಟರ್ ಇಟ್ಟು ನೋಡಿ ಹನುಮಂತಯ್ಯ ಕೈ ಒರೆಸಿಕೊಂಡ.

"ಧನು, ಅಮ್ಮನ ಫೋಟೋ ಎದುರುಗೋಡೆಗೆ ಹಾಕೋಣ. ಅಲ್ಲಿ ವೈರ್ ಇಲ್ಲ."

"ಬೇಡಪ್ಪ. ನಾನು ಹೇಳಿ ಹೊಡೆಸಿದ ಮೊಳೆ ಒಂದೇ ಸಾಕು."

ಅವಳು ಅಳುತ್ತಲೂ ಇರಲಿಲ್ಲ. ಬಟ್ಟೆ ಮಡಚುತ್ತ, ಇವತ್ತು ಹಾಲು ಬಂದಿಲ್ಲ ಅನ್ನುವ ಹಾಗೆ ಅಂದಳು. ಹನುಮಂತಯ್ಯ ಟೆಸ್ಟರನ್ನು ಕೆಳಗಿಟ್ಟ.

"ಆ ವೈರ್ ಹಳೇದಲ್ಲ ಕಣಮ್ಮ. ನಾನೇ ಎಳೆದಿದ್ದು. ಓರೆಯಾಗಿ."

ಮಡಚುತ್ತಿದ್ದ ಸೀರೆ ಅವಳ ಮಡಿಲಲ್ಲೇ ಉಳಿಯಿತು.

"ಪ್ರತಿ ವರ್ಷ ಗೌರಿ ಹಬ್ಬಕ್ಕೆ ನಾನು ಅತ್ತಾಗ ನೀನು ಪಕ್ಕದಲ್ಲೇ ಕೂತಿರ್ತಿದ್ದೆ. ನಿನ್ನ ತಪ್ಪಲ್ಲ ಬಿಡು ಅಂತಿದ್ದೆ."

"ನಿಜಾನೇ ಹೇಳ್ತಿದ್ದೆ."

"ಯಾರ ತಪ್ಪು ಅಂತ ಹೇಳ್ಲಿಲ್ಲ."

"ನೀನೂ ಬಿಟ್ಟು ಹೋಗ್ತೀಯ ಅಂತ ಹೆದರಿಕೆ ಇತ್ತು," ಅಂದ ಹನುಮಂತಯ್ಯ. ಹೇಳಿ ಮುಗಿಸಿದಾಗ ಅದು ಅವನ ಕಿವಿಗೇ ಹೇಸಿಗೆಯಾಗಿ ಕೇಳಿಸಿತು.

ಧನಲಕ್ಷ್ಮಿ ಎದ್ದಳು. ಅವನ ಚೀಲದಿಂದ ಸುತ್ತಿಗೆ, ಮೊಳೆ ತೆಗೆದುಕೊಂಡು ಎದುರುಗೋಡೆಯ ಮುಂದೆ ನಿಂತಳು.

"ಇಲ್ಲಿ ವೈರ್ ಇಲ್ಲ ತಾನೇ?"

"ಇಲ್ಲ."

"ನಿನ್ನ ಮಾತು ನಂಬ್ಲಾ?"

ಹನುಮಂತಯ್ಯ ಹೊರಗೆ ಹೋಗಿ, ಮೆಟ್ಟಿಲ ಕೆಳಗಿನ ಮೇನ್ ಸ್ವಿಚ್ ಇಳಿಸಿ, ಬೇರೆ ಯಾರೂ ಹಾಕದಂತೆ ಅದರ ಮೇಲೆ ಕೈಯಿಟ್ಟು ನಿಂತ.

"ಕರೆಂಟ್ ತೆಗ್ದಿದ್ದೀನಿ ಕಣಮ್ಮ," ಎಂದು ಕೂಗಿ ಹೇಳಿದ.

ಒಳಗಿಂದ ಮೂರು ಪೆಟ್ಟು ಕೇಳಿಸಿತು. ಆಮೇಲೆ ಅಳು ಕೇಳಿಸಿತು, ಅದು ಬಹಳ ಹೊತ್ತು ನಿಲ್ಲಲಿಲ್ಲ. ಮೇನ್ ಹಾಕಪ್ಪ ಎಂದು ಮಗಳು ಕರೆಯುತ್ತಾಳೆ ಅಂತ ಹನುಮಂತಯ್ಯ ಕಾದ.

ಸಂಜೆ ಅಳಿಯ ಟಿ.ವಿ. ಹೊತ್ತು ಬಂದಾಗ ಮನೆಯಲ್ಲಿ ಇನ್ನೂ ಕರೆಂಟಿರಲಿಲ್ಲ. ಮಾವ ಮೇನ್ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದ.