ನಂಬರು ಮೂವತ್ತೊಂದು

ಹರಿಹರದ ಹೊಳೆಯ ಸೇತುವೆ ದಾಟಿ, ಆಚೆ ದಡದ ಕೊನೆಯ ಕಲ್ಲನ್ನು ಅಂಗೈಯಿಂದ ಬಡಿದು ಪಾಲಯ್ಯ ಹಿಂದಕ್ಕೆ ತಿರುಗಿದಾಗ ಗಿರಣಿಯ ಜೀಪು ಅವನಿಗೆ ಅಡ್ಡವಾಗಿ ನಿಂತಿತ್ತು. ಲೇಬರ್ ಆಫೀಸರ್ ನಾಗರಾಜಪ್ಪ ಒಳಗಿಂದಲೇ ಕತ್ತು ಹೊರಗೆ ಹಾಕಿ ಕೈಗಡಿಯಾರ ನೋಡಿಕೊಂಡರು.

“ಏಳೂ ಹತ್ತಕ್ಕೆ ಗೇಟಿನಿಂದ ಹೊಂಟೆ ಅಂತ ಬಡೇಸಾಬ್ ಹೇಳಿದ. ಈಗ ಎಂಟೂ ಹತ್ತು. ಒಂಬತ್ತು ಮೈಲಿ ಆತು. ಜೀಪು ಹತ್ತು, ಮಾತಾಡೋದೈತೆ.”

“ಇಲ್ಲೇ ಹೇಳ್ರಿ ಸಾಹೇಬ್ರೆ. ಕುಂತ್ರೆ ಕಾಲು ಹಿಡ್ಕಂತಾವೆ,” ಎಂದ ಪಾಲಯ್ಯ. ಮೈಮೇಲಿನ ಬನಿಯನ್ ಹಿಂಡಿದರೆ ನೀರು ಬರುವಂತಿತ್ತು. ನಿಂತಲ್ಲೇ ಕಾಲು ಬದಲಿಸುತ್ತಿದ್ದ.

ಅವನು ದಾವಣಗೆರೆಯ ಆ ಗಿರಣಿಯಲ್ಲಿ ಬದಲಿ ಕೆಲಸಗಾರ. ಕಾಯಂ ಆಳು ಯಾರಾದರೂ ಬಾರದ ದಿನ ಮಾತ್ರ ಅವನಿಗೆ ಕೆಲಸ. ಬೆಳಿಗ್ಗೆ ಗಿರಣಿಯ ಏಳರ ಸೈರನ್ ಕೂಗುವ ಮುಂಚೆ ಮೂವತ್ತು ನಲವತ್ತು ಜನ ಬದಲಿಗಳು ಗೇಟಿನ ಮುಂದೆ ಸಾಲು ನಿಲ್ಲುತ್ತಿದ್ದರು. ಟೈಂಕೀಪರ್ ಬಡೇಸಾಬ್ ಹೊರಗೆ ಬಂದು ಆರೇಳು ಹೆಸರು ಕೂಗಿ ಒಳಗೆ ಹೋಗುತ್ತಿದ್ದ. ಉಳಿದವರು ಬೀಡಿ ಹಚ್ಚಿಕೊಂಡು ಚೆದುರುತ್ತಿದ್ದರು. ಏಳು ವರ್ಷದಿಂದ ಹೀಗೇ. ಹೆಸರು ಕೂಗದ ದಿನ ಸೀದಾ ಆವರಗೆರೆಯ ಮನೆಗೆ ಹೋಗಿ ಹೆಂಡತಿಗೆ ಮುಖ ತೋರಿಸಲು ಪಾಲಯ್ಯನಿಗೆ ಮನಸ್ಸಾಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಅಂಥದೊಂದು ದಿನ ಹೊಟ್ಟೆಯೊಳಗಿನ ಸಿಟ್ಟು ತಡೆಯಲಾರದೆ ಮನೆಯ ದಿಕ್ಕಿಗೆ ಬೆನ್ನು ಹಾಕಿ, ಹರಿಹರದ ರಸ್ತೆ ಹಿಡಿದು ಓಡಿಬಿಟ್ಟಿದ್ದ. ಹೊಳೆ ಎದುರಾದ ಮೇಲೆಯೇ ನಿಂತದ್ದು. ಸಿಟ್ಟು ಆಗಲೂ ಇತ್ತು, ಆದರೆ ಅವನು ಹೇಳಿದಂತೆ ಕೇಳುತ್ತಿತ್ತು. ಅಂದಿನಿಂದ ಹೆಸರು ಕೂಗದ ದಿನವೆಲ್ಲ ಓಟ. ಗಾಡಿ ಹೊಡೆಯುವವರು ಮೊದಮೊದಲು ಇವನನ್ನು ಕಳ್ಳನೆಂದುಕೊಂಡರು, ಆಮೇಲೆ ಹುಚ್ಚನೆಂದುಕೊಂಡರು, ಕಡೆಗೆ ಇವನನ್ನು ನೋಡಿಯೇ ಹೊತ್ತೆಷ್ಟಾಯಿತೆಂದು ತಿಳಿದುಕೊಳ್ಳತೊಡಗಿದರು.

“ಬರೋ ಜನವರಿಗೆ ಬೆಂಗಳೂರಾಗ ಮ್ಯಾರಥಾನ್ ಐತೆ,” ಎಂದರು ನಾಗರಾಜಪ್ಪ. “ಎಲ್ಲ ಗಿರಣಿ, ಕಾರ್ಖಾನೆ ಮಂದಿ ಓಡ್ತಾರೆ. ಇಪ್ಪತ್ತಾರು ಮೈಲಿ. ನೀನು ಓಡ್ಬೇಕು.”

“ಬದಲಿ ಆಳಿಗೆ ಬಿಡಂಗಿಲ್ಲ ಅಂತ ನೀವೇ ನೋಟೀಸ್ ಹಚ್ಚೀರಲ್ರಿ.”

“ಬಿಡಂಗಿಲ್ಲ. ಅದಕ್ಕೇ ಇಷ್ಟು ದೂರ ಬಂದೀನಿ.” ಅವರು ಡ್ರೈವರನನ್ನು ಬೀಡಿ ಸೇದಲು ಕಳಿಸಿ ದನಿ ತಗ್ಗಿಸಿದರು. “ನಮ್ಮ ಅಕ್ಕನ ಮಗ ಕರಿಬಸವರಾಜ ಕಾಯಂ ಗುಮಾಸ್ತ. ಅರ್ಜಿ ಅವನ ಹೆಸರಾಗ ಹೋಗೈತೆ. ಓಡೋನು ನೀನು. ಬೆಂಗಳೂರಾಗ ನಿನ್ನ ಮಾರಿ ಯಾರಿಗೆ ಗೊತ್ತು? ಕಪ್ ಮಾಲೀಕರ ಮೇಜಿನ ಮ್ಯಾಲೆ. ಸರ್ಟಿಫಿಕೇಟ್ ನಮ್ಮ ಹುಡುಗಂಗೆ, ಅದನ್ನ ಹಿಡ್ಕಂಡು ಅವ ಸರ್ಕಾರಿ ನೌಕರಿ ಹಿಡೀತಾನೆ. ಯುಗಾದಿ ಒಳಗೆ ನೀನು ಕಾಯಂ. ಗೇಟಿನ ಮುಂದೆ ನಿಲ್ಲೋದು ತಪ್ತದೆ.”

ಪಾಲಯ್ಯ ಕಾಲು ಬದಲಿಸುವುದನ್ನು ನಿಲ್ಲಿಸಿದ. ಕೆಳಗೆ ಹೊಳೆಯಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಅದನ್ನೇ ನೋಡುತ್ತ, “ಮನ್ಯಾಗ ಕೇಳ್ತೀನ್ರಿ,” ಎಂದ.

ಹೆಂಡತಿ ಉಚ್ಚೆಂಗೆಮ್ಮ ಪೂರ್ತಿ ಕೇಳುವ ಮೊದಲೇ ಒಪ್ಪಿದಳು. “ಹೆಸರು ಯಾರದಾದ್ರೆ ಏನು? ಬೆಳಗಾದ್ರೆ ಗಿರಣಿ ಕೂಗು ಕೇಳಿ ನನ್ನೆದೆ ಹೊಡ್ಕಂತದೆ, ಇವತ್ತು ಕರೀತಾರೋ ಇಲ್ಲೋ ಅಂತ. ಅದೊಂದು ನಿಂತ್ರೆ ಸಾಕು ನಂಗೆ.” ಅವಳು ಹೇಳಿದ್ದರಲ್ಲಿ ತಪ್ಪೇನೂ ಕಾಣದೆ ಪಾಲಯ್ಯ ಹೂಂ ಎಂದ.

ನಾಲ್ಕು ತಿಂಗಳು ಅವನು ಓಡಿದ. ಗೇಟಿನ ಮುಂದೆ ನಿಲ್ಲುವುದು ಬೇಡ, ಓಡು ಸಾಕು ಎಂದಿದ್ದರು ನಾಗರಾಜಪ್ಪ. ಹಾಜರಿ ಹಾಕಿಸಿ ಕೂಲಿ ಕೊಡಿಸುವುದನ್ನು ಅವರೇ ನೋಡಿಕೊಳ್ಳುತ್ತಿದ್ದರು. ಮೊದಲು ಆವರಗೆರೆಯಿಂದ ಹೊಳೆಯವರೆಗೆ ಹೋಗಿ ಬರುತ್ತಿದ್ದವನು ಆಮೇಲೆ ಹೊಳೆ ದಾಟಿ ಇನ್ನೆರಡು ಮೈಲಿ ಮುಂದೆ ಹೋಗಿ ಬರತೊಡಗಿದ. ಹತ್ತಿ ಬಿಡಿಸುವ ಕಾಲ ಬಂತು. ಗಾಡಿಗಳಿಂದ ಉದುರಿದ ಅರಳೆ ರಸ್ತೆಯುದ್ದಕ್ಕೂ ಮುಳ್ಳುಕಂಟಿಗೆ ಸಿಕ್ಕಿಕೊಂಡಿರುತ್ತಿತ್ತು. ಇಪ್ಪತ್ತು ಮೈಲಿ ಆದ ಮೇಲೆ ತೊಡೆಯ ನರಗಳು ಹಗ್ಗ ಹೊಸೆದಂತೆ ಬಿಗಿಯುತ್ತಿದ್ದವು. ಆಗ ಅವನು ವೇಗ ಇಳಿಸುವ ಬದಲು ಮುಂದಿನ ಮೈಲಿಗಲ್ಲಿನ ತನಕ ಇನ್ನೂ ಜೋರಾಗಿ ಓಡುತ್ತಿದ್ದ. ಹೇಳಿಕೊಟ್ಟವರು ಯಾರೂ ಇರಲಿಲ್ಲ. ಕಾಲಿಗೆ ಸೋಲಬಾರದು ಎಂಬುದಷ್ಟೇ ಅವನಿಗೆ ಗೊತ್ತಿದ್ದದ್ದು.

ವಾರಕ್ಕೊಮ್ಮೆ ಕರಿಬಸವರಾಜ ಗಡಿಯಾರ ಹಿಡಿದು ಸೈಕಲ್ ಮೇಲೆ ಹಿಂದೆ ಬರುತ್ತಿದ್ದ. ಇಪ್ಪತ್ತೆರಡರ ಹರೆಯ, ಇಸ್ತ್ರಿ ಮಾಡಿದ ಅಂಗಿ. ಮಾತು ಕಡಿಮೆ. ಪಾಲಯ್ಯನ ಮುಖ ನೋಡಬೇಕಾಗಿ ಬಂದಾಗ ಗಡಿಯಾರ ನೋಡುತ್ತಿದ್ದ.

ಹೊರಡುವ ಹಿಂದಿನ ದಿನ ನಾಗರಾಜಪ್ಪ ಕ್ಯಾನ್ವಾಸ್ ಬೂಟು ತರಿಸಿದರು. ಪಾಲಯ್ಯ ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಹೋಗಿ ಬಿಚ್ಚಿಟ್ಟ.

“ಬರಿಗಾಲಾಗ ಓಡಿದ್ರೆ ಬೆಂಗಳೂರು ಮಂದಿ ನಗ್ತಾರೋ.”

“ನಗ್ಲಿ ಬಿಡ್ರಿ. ನಕ್ಕಂತ ಹಿಂದೆ ಬೀಳ್ತಾರೆ.”

“ಸರಿ. ಯಾರಾದ್ರು ಹೆಸರು ಕೇಳಿದ್ರೆ ಏನಂತೀಯ?”

ಪಾಲಯ್ಯ ಬಾಯಿ ತೆರೆದ. ಪಾಠ ಒಪ್ಪಿಸುವವನ ಹಾಗೆ, “ಕರಿಬಸವರಾಜ,” ಎಂದ. ಸರಾಗವಾಗಿಯೇ ಬಂತು ಹೆಸರು. ಅದು ಅಷ್ಟು ಸರಾಗವಾಗಿ ಬಂದದ್ದು ಅವನಿಗೆ ಸರಿಬರಲಿಲ್ಲ.

ಬೆಂಗಳೂರಿನ ಮೈದಾನದಲ್ಲಿ ಬೆಳಿಗ್ಗೆ ಚಳಿ ಹಲ್ಲು ಕಟಕಟ ಎನ್ನಿಸುತ್ತಿತ್ತು. ಎಂಬತ್ತು ಚಿಲ್ಲರೆ ಜನ ಓಟಗಾರರು. ಪಾಲಯ್ಯನ ಎದೆಗೆ ನಾಗರಾಜಪ್ಪನವರೇ ಬಟ್ಟೆಯ ನಂಬರನ್ನು ಪಿನ್ನು ಹಾಕಿ ಸಿಕ್ಕಿಸಿದರು: ಮೂವತ್ತೊಂದು. ಪಕ್ಕದಲ್ಲಿ ನಿಂತಿದ್ದ ಯಾರೋ ಇವನ ಪಾದ ನೋಡಿ ಇನ್ನೊಬ್ಬನಿಗೆ ಮೊಣಕೈಯಿಂದ ತಿವಿದ. ಪಿಸ್ತೂಲು ಹಾರಿತು.

ಹೊಸೂರು ರಸ್ತೆಯಲ್ಲಿ ಹದಿಮೂರು ಮೈಲಿ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಬೇಕು. ಮೊದಲ ಐದು ಮೈಲಿ ಎಲ್ಲರೂ ಇವನನ್ನು ಹಿಂದೆ ಹಾಕಿದರು. ತಲೆ ಕೆಡಿಸಿಕೊಳ್ಳಲಿಲ್ಲ. ಹತ್ತು ಮೈಲಿಯ ನಂತರ ಒಬ್ಬೊಬ್ಬರೇ ಸಿಗತೊಡಗಿದರು. ಕೆಲವರು ಸೊಂಟ ಹಿಡಿದುಕೊಂಡಿದ್ದರು. ಮೊಣಕೈಯಿಂದ ತಿವಿದವನು ಮರಕ್ಕೆ ಒರಗಿ ಕೂತು ಬೂಟು ಬಿಚ್ಚುತ್ತಿದ್ದ. ಹಿಂದಿರುಗುವ ಹೊತ್ತಿಗೆ ಬಿಸಿಲು ಬಲಿತಿತ್ತು, ಡಾಂಬರು ಅಂಗಾಲಿಗೆ ಕಚ್ಚುತ್ತಿತ್ತು. ಎಡಗಾಲಿನ ಹೆಬ್ಬೆರಳು ಒಡೆದು ಹೆಜ್ಜೆ ಹೆಜ್ಜೆಗೂ ರಸ್ತೆಯ ಮೇಲೆ ಕೆಂಪು ಚುಕ್ಕಿ ಬೀಳುತ್ತಿತ್ತು.

ಇಪ್ಪತ್ತೆರಡನೆಯ ಮೈಲಿಯ ಹತ್ತಿರ ಪೇಟೆ ಶುರುವಾಯಿತು. ರಸ್ತೆಯ ಎರಡೂ ಕಡೆ ಜನ. ಅವರ ಕೈಯಲ್ಲಿ ಅಂದಿನ ಪತ್ರಿಕೆ ಇತ್ತು, ಅದರಲ್ಲಿ ಓಟಗಾರರ ನಂಬರು, ಹೆಸರು, ಊರು ಅಚ್ಚಾಗಿತ್ತು. ಕನ್ನಡಕದವನೊಬ್ಬ ಬೆರಳಿಟ್ಟು ಹುಡುಕಿ, “ಮೂವತ್ತೊಂದು! ದಾವಣಗೆರೆ ಕರಿಬಸವರಾಜ!” ಎಂದು ಕೂಗಿದ. ಕೂಗು ಮುಂದಿನವರಿಗೆ ಹಬ್ಬಿತು. “ಬಿಡಬೇಡ ಕರಿಬಸವರಾಜ! ಮುಂದೆ ಮೂವರೇ ಇರೋದು ಕರಿಬಸವರಾಜ!” ಮನೆಯ ಮೆಟ್ಟಿಲ ಮೇಲೆ ನಿಂತಿದ್ದ ಮುದುಕಿಯೊಬ್ಬಳು ಚೊಂಬಿನ ನೀರನ್ನು ಇವನ ತಲೆಗೆ ಎರಚಿ, “ನೂರು ವರ್ಷ ಬಾಳು ಕರಿಬಸವರಾಜ,” ಎಂದಳು.

ಪಾಲಯ್ಯನಿಗೆ ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಹರಿಯುತ್ತಿದ್ದ ರಕ್ತ ಇವನದು; ಉರಿಯುತ್ತಿದ್ದ ಎದೆ, ನಾಲಿಗೆಗೆ ಬಂದ ಉಪ್ಪು, ಮೂರು ವರ್ಷದ ರಸ್ತೆ ಎಲ್ಲ ಇವನದು. ಮುದುಕಿಯ ಹರಕೆ ಮಾತ್ರ ದಾವಣಗೆರೆಯಲ್ಲಿ ಮೇಜಿನ ಮುಂದೆ ಕೂತವನಿಗೆ ಹೋಯಿತು. ಏಳು ವರ್ಷ ಗೇಟಿನ ಮುಂದೆ ಇವನು ಯಾವುದಕ್ಕೆ ಕಿವಿಗೊಟ್ಟು ನಿಂತಿದ್ದನೋ ಆ ಮೂರಕ್ಷರದ ಹೆಸರನ್ನು ಇವನೇ ತನ್ನ ಬಾಯಿಂದ ಅಳಿಸಿ ಬಂದಿದ್ದ. ಸಿಟ್ಟು ಹೊಟ್ಟೆಯಿಂದ ತೊಡೆಗೆ ಇಳಿಯಿತು. ಮುಂದಿದ್ದ ಮೂವರಲ್ಲಿ ಒಬ್ಬನನ್ನು ಮೈದಾನದ ಬಾಗಿಲಲ್ಲೇ ಹಿಂದೆ ಹಾಕಿ, ಮೂರನೆಯವನಾಗಿ ಹಗ್ಗ ದಾಟಿದ.

ಮೈದಾನದ ಮೇಜಿನ ಹಿಂದೆ ಕೂತ ಗುಮಾಸ್ತ ತಲೆ ಎತ್ತದೆ ಎದೆಯ ನಂಬರು ನೋಡಿ ಬರೆದುಕೊಂಡ. “ಹೋಗಿ, ಕೂತ್ಕೊಂಡು ನೀರು ಕುಡೀರಿ.”

“ಹೆಸರು ಬರೀರಿ,” ಎಂದ ಪಾಲಯ್ಯ.

“ನಂಬರ್ ಸಾಕಪ್ಪ, ಹೆಸರು ಪಟ್ಟಿಯಲ್ಲಿದೆ.”

“ಪಟ್ಟಿಯಾಗಿರೋ ಹೆಸರು ನಂದಲ್ಲ. ನಂಬರ್ ಬೇರೇರದು, ಓಡಿದ್ದು ನಾನು. ಪಾಲಯ್ಯ ಅಂತ ಬರೀರಿ. ಆವರಗೆರೆ.”

ಗುಮಾಸ್ತ ಈಗ ತಲೆ ಎತ್ತಿದ. ಹೂವಿನ ಹಾರ ಹಿಡಿದು ಓಡೋಡಿ ಬರುತ್ತಿದ್ದ ನಾಗರಾಜಪ್ಪ ಅರ್ಧ ದಾರಿಯಲ್ಲೇ ನಿಂತರು. ತೀರ್ಪುಗಾರರು ಸೇರಿದರು. ಒಬ್ಬ ಹಿರಿಯರು ಅನುಕಂಪದಿಂದಲೇ ಹೇಳಿದರು: “ಯೋಚನೆ ಮಾಡು. ಬೇರೆಯವರ ಹೆಸರಲ್ಲಿ ಓಡಿದೆ ಅಂದ್ರೆ ನಿನ್ನ ಹೆಸರನ್ನೂ ಹೊಡೆದು ಹಾಕಬೇಕಾಗುತ್ತೆ. ಬಹುಮಾನ ಹೋಗುತ್ತೆ.”

“ಹೊಡೆದು ಹಾಕ್ರಿ,” ಎಂದ ಪಾಲಯ್ಯ. “ಆದ್ರೆ ಮೊದ್ಲು ಬರ್ದು ಹೊಡೀರಿ.”

ಗುಮಾಸ್ತ ಹಿರಿಯರ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಬರೆದ, ಎರಡು ಗಂಟೆ ಐವತ್ತೊಂದು ನಿಮಿಷ ಎಂದೂ ಬರೆದ, ಆಮೇಲೆ ಅದರ ಮೇಲೊಂದು ಗೆರೆ ಎಳೆದ. ಪಾಲಯ್ಯನಿಗೆ ಓದಲು ಬರುತ್ತಿರಲಿಲ್ಲ. ಗೆರೆಯ ಕೆಳಗೆ ಅಕ್ಷರಗಳು ಇರುವುದನ್ನು ಬಗ್ಗಿ ನೋಡಿ, ಪಿನ್ನು ಬಿಚ್ಚಿ ನಂಬರನ್ನು ಮೇಜಿನ ಮೇಲಿಟ್ಟ.

ಮನೆಯಲ್ಲಿ ಉಚ್ಚೆಂಗೆಮ್ಮ ಎರಡು ದಿನ ರೊಟ್ಟಿಯ ತಟ್ಟೆಯನ್ನು ಇವನ ಮುಂದೆ ಕುಕ್ಕಿ ಹೋದಳು. ಮೂರನೆಯ ದಿನ ಅವನ ಹೆಬ್ಬೆರಳಿಗೆ ಅರಿಶಿನ ಹಚ್ಚುವಾಗ, “ನನ್ನೊಂದು ಮಾತು ಕೇಳ್ಬೇಕಿತ್ತು,” ಎಂದಳು.

“ಕೇಳಿದ್ರೆ ಬ್ಯಾಡ ಅಂತಿದ್ದೆ.”

“ಅಂತಿದ್ದೆ,” ಎಂದು ಒಪ್ಪಿಕೊಂಡಳು. ಬಟ್ಟೆಯ ಗಂಟನ್ನು ಬೇಕೆಂದೇ ಬಿಗಿಯಾಗಿ ಎಳೆದಳು. “ನಾಳೆ ಹೋಗಿ ಗೇಟಿನಾಗ ನಿಂತ್ಕ. ಕರೀಲಿ ಬಿಡ್ಲಿ. ಮನ್ಯಾಗ ಕುಂತ್ರೆ ನೀನೇ ಏನೋ ಕದ್ದಂಗ ಆಗ್ತದೆ.”

ಹನ್ನೆರಡು ದಿನ ಪಾಲಯ್ಯ ಸಾಲಿನ ಮೊಟ್ಟಮೊದಲಿಗೆ ಹೋಗಿ ನಿಂತ. ಬಡೇಸಾಬ್ ಪ್ರತಿದಿನ ಬೇರೆಯವರ ಹೆಸರು ಕೂಗಿ, ಕೊನೆಗೆ ಇವನ ಮುಂದೆ ಅರೆಗಳಿಗೆ ನಿಂತು ಒಳಗೆ ಹೋಗುತ್ತಿದ್ದ. ನಾಗರಾಜಪ್ಪನ ಜೀಪು ಒಳಗೆ ಹೋಗುವಾಗ ಉಳಿದವರು ನಮಸ್ಕಾರಕ್ಕೆ ಕೈ ಎತ್ತುತ್ತಿದ್ದರು, ಇವನು ಎತ್ತುತ್ತಿರಲಿಲ್ಲ. ಹದಿಮೂರನೆಯ ದಿನ ಹರಿಹರದಲ್ಲಿ ಕಟ್ಟುತ್ತಿದ್ದ ಗೋದಾಮಿನ ಮೇಸ್ತ್ರಿ ರೌಫ್ ಇವನನ್ನು ಕಲ್ಲು ಹೊರುವ ಕೆಲಸಕ್ಕೆ ತೆಗೆದುಕೊಂಡ. ಎಂಟಕ್ಕೆ ಕೆಲಸ ಶುರು. ಪಾಲಯ್ಯ ರೊಟ್ಟಿಯ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಓಡಿಯೇ ಹೋಗುತ್ತಿದ್ದ, ಸಂಜೆ ಯಾವುದಾದರೂ ಲಾರಿಯಲ್ಲಿ ಬರುತ್ತಿದ್ದ.

ಯುಗಾದಿ ಹತ್ತಿರವಿದ್ದ ಒಂದು ಬೆಳಿಗ್ಗೆ, ಊರು ಬಿಟ್ಟು ನಾಲ್ಕು ಮೈಲಿ ಆದ ಮೇಲೆ, ಹಿಂದಿನಿಂದ ಬೂಟಿನ ಸದ್ದು ಬಂತು. ಅವನು ತಿರುಗಲಿಲ್ಲ.

“ಪಾಲಣ್ಣ, ಸ್ವಲ್ಪ ನಿಲ್ರಿ.”

ಕರಿಬಸವರಾಜ. ಸೈಕಲ್ಲನ್ನು ಯಾವುದೋ ಹುಣಸೆಮರಕ್ಕೆ ಒರಗಿಸಿ ಓಡಿ ಬಂದಿದ್ದ. ಅಣ್ಣ ಎಂದದ್ದು ಇದೇ ಮೊದಲು.

“ಕೆಲಸಕ್ಕೆ ಹೊತ್ತಾಗ್ತದೆ. ಏನಿದ್ರೂ ಓಡ್ಕಂತ ಹೇಳು.”

ಕರಿಬಸವರಾಜ ಸಮಸಮವಾಗಿ ಬಂದ. ಮಾತು ತುಂಡು ತುಂಡಾಗಿ ಹೊರಟಿತು. “ಬೆಂಗಳೂರಿಂದ ಮಾಲೀಕರಿಗೆ ಕಾಗದ ಬಂದೈತೆ. ಮಾವಂಗೆ ತೊಂದ್ರೆ ಆಗೈತೆ. ಒಂದು ಬರವಣಿಗೆ ಕೊಟ್ಟು ಕಳ್ಸ್ಯಾರೆ. ನಂಬರ್ ನೀವೇ ಕದ್ದು ಹಾಕ್ಕಂಡ್ರಿ ಅಂತ. ಹೆಬ್ಬೆಟ್ಟು ಒತ್ತಿದ್ರೆ ನಾಳೆಯಿಂದಲೇ ಕಾಯಂ ಅಂತೆ.”

ಎದುರಿನಿಂದ ಬಂದ ಹುಲ್ಲಿನ ಗಾಡಿ ಅವರಿಬ್ಬರನ್ನು ದಾಟಿ ಹೋಯಿತು.

“ಒತ್ತಂಗಿಲ್ಲ ಅಂತ ಹೇಳು ನಿಮ್ಮ ಮಾವಂಗೆ. ನೌಕರಿ ಅವರದು, ಹೆಬ್ಬೆಟ್ಟು ನಂದು.” ಪಾಲಯ್ಯ ರೊಟ್ಟಿಯ ಗಂಟನ್ನು ಬೆನ್ನಿಗೆ ಬಿಗಿಮಾಡಿಕೊಂಡು, “ನಿನ್ನ ಸರ್ಕಾರಿ ಕೆಲಸ ನನ್ನಿಂದ ಹೋತು. ಅದಕ್ಕೆ ಸಿಟ್ಟಿದ್ರೆ ಬೈಯಿ, ಕೇಳ್ತೀನಿ,” ಎಂದ.

“ನಾನು ನಿಮ್ಮನ್ನ ಹುಡುಕಿದೆ, ಸಿಗಲಿಲ್ಲ ಅಂತ ಹೇಳ್ತೀನಿ,” ಎಂದ ಕರಿಬಸವರಾಜ.

ಅಷ್ಟು ಹೇಳಿದ ಮೇಲೆ ಅವನು ಹಿಂದಿರುಗಬೇಕಿತ್ತು. ಹಿಂದಿರುಗಲಿಲ್ಲ. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು, ಬಾಯಿ ತೆರೆದು ಉಸಿರೆಳೆಯುತ್ತಿದ್ದ, ಬೂಟು ಜಲ್ಲಿಯ ಮೇಲೆ ಜಾರುತ್ತಿತ್ತು. ಪಾಲಯ್ಯ ವೇಗ ಇಳಿಸಲಿಲ್ಲ. ಒಂದೆರಡು ಫರ್ಲಾಂಗು ಹಾಗೇ ಹೋದ ಮೇಲೆ ಮಾತ್ರ, ತಾನು ಓಡುತ್ತಿದ್ದ ರಸ್ತೆಯಂಚಿನ ಮೆತ್ತನೆಯ ಮಣ್ಣನ್ನು ಅವನಿಗೆ ಬಿಟ್ಟು, ಜಲ್ಲಿಯ ಕಡೆಗೆ ಒಂದು ಮೊಳ ಸರಿದುಕೊಂಡ.